ಮಾವ ತೊಳೆದ ಇಂಜೆಕ್ಟರ್

ಬೆಳಗಿನಿಂದ ಸೊಸೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಎಲೆಯ ರಸದಿಂದ ಅವಳು ಲ್ಯಾಬಿನಲ್ಲಿ ತಯಾರಿಸಿದ್ದ ಪುಡಿಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅದನ್ನು ಡೀಸೆಲ್ಲಿಗೆ ಬೆರೆಸಿದರೆ ಹೊಗೆ ಇಳಿಯಬೇಕು. ಮೂರು ವರ್ಷ ಇದೊಂದೇ ಗುಂಗು. ಪರೀಕ್ಷೆಗೆ ಸಿಕ್ಕಿದ್ದು ಮೆಕ್ಯಾನಿಕ್ ಮಾವನವರ ಗ್ಯಾರೇಜಿನ ಹಳೇ ಜನರೇಟರ್.

ನಿನ್ನೆ ಬರೀ ಡೀಸೆಲ್ಲಿಗೆ ಹೊಗೆ ಅಳೆಯುವ ಮೀಟರ್ ಅರವತ್ತು ತೋರಿಸಿತ್ತು. ಇವತ್ತು ಪುಡಿ ಬೆರೆಸಿದ ಡೀಸೆಲ್ಲಿಗೆ ಮೂವತ್ತು. ಮೀಟರನ್ನು ತಟ್ಟಿದಳು, ಇಂಜಿನ್ ಆರಿಸಿ ಮತ್ತೆ ಓಡಿಸಿದಳು. ಮೂವತ್ತೇ. ಖುಷಿಪಡುವ ಬದಲು ಅವಳು ಲ್ಯಾಬಿನ ಹಳೇ ಲೆಕ್ಕ ತೆಗೆದು ನೋಡಿದಳು. ಲ್ಯಾಬಿನಲ್ಲಿ ಹತ್ತರಲ್ಲೊಂದು ಪಾಲು ಇಳಿದದ್ದೇ ಹೆಚ್ಚು; ಇಲ್ಲಿ ಅರ್ಧಕ್ಕರ್ಧ ಇಳಿಯುವುದುಂಟೆ?

"ಮಾವ, ಈ ಇಂಜಿನ್ ಏನಾದ್ರೂ ಮುಟ್ಟಿದ್ರಾ?"

ಮಾವ ಕೈಯ ಗ್ರೀಸ್ ಒರೆಸಿಕೊಂಡರು. "ಮುಟ್ಟದೆ ಇರ್ತೀನಾ? ಬೆಳಿಗ್ಗೆ ಬೇಗ ಬಂದು ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚಿ ತೊಳ್ದೆ, ಏರ್ ಫಿಲ್ಟರ್ ಹೊಸದು ಹಾಕ್ದೆ. ಗಲೀಜು ಇಂಜಿನ್ನಿಂದ ನಿನ್ನ ಪುಡಿಯ ಮಾನ ಹೋಗಬಾರ್ದಲ್ಲಮ್ಮ."

ಅವರು ಟೀ ತರಲು ಹೋದ ಕೂಡಲೇ ಅವಳು ಟ್ಯಾಂಕು, ಪೈಪು ಎರಡನ್ನೂ ಪೂರ್ತಿ ಬಸಿದು, ಬರೀ ಡೀಸೆಲ್ ತುಂಬಿ ಇಂಜಿನ್ ಓಡಿಸಿದಳು. ಮೀಟರ್ ಇಪ್ಪತ್ತೆಂಟು ತೋರಿಸಿತು.

ಎರಡು ಲೋಟ ಹಿಡಿದು ಬಂದ ಮಾವ ಅವಳ ಭುಜದ ಹಿಂದಿನಿಂದ ಇಣುಕಿ, ಮೀಟರ್ ಓದಿ, ಹಿಗ್ಗಿ ಹೀರೇಕಾಯಿಯಾದರು.

"ನೋಡ್ದ್ಯಾ, ಇನ್ನೂ ಎರಡು ಇಳೀತು. ನಿನ್ನ ಪುಡಿ ಈಗ ಹತ್ತೋದಕ್ಕೆ ಶುರುವಾಗಿದೆ."