ಟಿಕೆಟ್ ಹರಿಯದ ನಿಲ್ದಾಣ

"ಥೂ, ಹಿಂದಕ್ ಸಾಯ್ರೇ ಕಾಗೆಗಳಾ! ಮುಂದಿನ್ ಸೀಟು ಮನುಷ್ರಿಗೆ!"

ಡ್ರೈವರ್ ಪಾಂದೆಲೆ ಕನ್ನಡಿಯಲ್ಲಿ ನೋಡಿಕೊಂಡೇ ಬೈದ. ಕತ್ತು ತಿರುಗಿಸಿ ಬೈಯುವಷ್ಟು ಮರ್ಯಾದೆಯನ್ನೂ ಅವನು ಇಟ್ಟಿಗೆ ಕೇರಿಯ ರೋಮಾ ಜಿಪ್ಸಿ ಜನಕ್ಕೆ ಕೊಟ್ಟವನಲ್ಲ. ಮುಂದಿನ ಸೀಟುಗಳು ಖಾಲಿ ಹೊಡೆಯುತ್ತಿದ್ದವು. ಜಂಫಿರಾ ಗಂಡ ಮಾರ್ದಾರೆಯ ಕಂಕುಳಿಗೆ ಹೆಗಲು ಕೊಟ್ಟು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸಾಗಿಸಿದಳು. ಅವನ ಕಾಲುಗಳು ನೀರು ತುಂಬಿ ಬಾತುಕೊಂಡಿದ್ದವು. ಬೂಟಿಗೆ ಇಳಿಯದ ಪಾದಗಳಿಗೆ ಅವಳು ಹಳೇ ಚಪ್ಪಲಿಯನ್ನು ಹಗ್ಗದಲ್ಲಿ ಬಿಗಿದಿದ್ದಳು. ಕೊನೆಯ ಸೀಟಿನ ಮೇಲೆ ಗೊಬ್ಬರದ ಚೀಲ ಹಾಸಿತ್ತು. ಅವರು ಕೂತೆದ್ದ ಮೇಲೆ ಅದನ್ನು ಝಾಡಿಸಿ ಮಡಚಿಡುವುದು ಪಾಂದೆಲೆಯ ಪದ್ಧತಿ.

ನಡುವೆ ಕೂತಿದ್ದ ಮುದುಕಿಯೊಬ್ಬಳು ಚೀಸಿನ ಬುಟ್ಟಿಯನ್ನು ತೊಡೆಗೆಳೆದುಕೊಂಡಳು. "ಏನ್ ರೋಗ್ವೋ ಏನೋ. ಅಂಟ್ಕೊಂಡ್ರೇನ್ ಗತಿ?"

"ಅಂಟಾಕಿಲ್ಲ ಕಣಜ್ಜಿ, ಕಿಡ್ನಿ ಹೋಗವೆ ಅಷ್ಟೆ," ಅಂದ ಮಾರ್ದಾರೆ ಏದುಸಿರಿನಲ್ಲಿ. "ಅಂಟಂಗಿದ್ದಿದ್ರೆ ಯಾವತ್ತೋ ನಿಮ್ಮೂರ್ ಬಾವಿಗೆ ಉಗ್ದಿರ್ತಿದ್ದೆ."

"ಮುಚ್ಕೊಂಡ್ ಕೂತ್ಕಳೋ!" ಅಂದಳು ಜಂಫಿರಾ. ನಗು ತಡೆಯಲಾರದೆ ತಲೆವಸ್ತ್ರದ ತುದಿ ಕಚ್ಚಿಕೊಂಡಳು.

ಬೆಟ್ಟದ ಚರ್ಚು ಕಂಡಾಗ ಪಾಂದೆಲೆ ಸ್ಟೇರಿಂಗ್ ಬಿಟ್ಟು ಮೂರು ಸಲ ಶಿಲುಬೆ ಗುರುತು ಹಾಕಿಕೊಂಡ. ಬಸ್ಸು ಹಳ್ಳದ ಕಡೆಗೆ ವಾಲಿ ಮತ್ತೆ ದಾರಿಗೆ ಬಂತು.

ಸೋಮವಾರ, ಬುಧವಾರ, ಶುಕ್ರವಾರ. ಸಾಲ್ಚೆನಿ ಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಹೊತ್ತು ಯಂತ್ರ ಅವನ ರಕ್ತ ತೊಳೆದು ಕೊಡಬೇಕು. ಒಂದು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ, ಎರಡು ಸಲ ತಪ್ಪಿದರೆ ಹೆಣದ ಪೆಟ್ಟಿಗೆ ಮಾಡಿಸಿಡಿ ಎಂದು ನರ್ಸು ಮುಖಕ್ಕೇ ಹೇಳಿದ್ದಳು. ಆಸ್ಪತ್ರೆಯ ವ್ಯಾನು ಕೇಳಿದರೆ, ಇಟ್ಟಿಗೆ ಕೇರಿ ಎನ್ನುತ್ತಲೇ ಅತ್ತಲಿಂದ ಫೋನು ಇಡುತ್ತಿದ್ದರು. ಉಳಿದದ್ದು ಈ ಬಸ್ಸೊಂದೇ.

ಟಿಕೆಟ್ ಯಂತ್ರ ಪಾಂದೆಲೆಯ ಬಲಗೈ ಪಕ್ಕದಲ್ಲೇ ಇತ್ತು. ಊರಿನವರು ಹತ್ತಿದರೆ ಕಿರ್ ಎಂದು ಚೀಟಿ ಉಗುಳುತ್ತಿತ್ತು. ಕೇರಿಯವರು ಹತ್ತಿದರೆ ಅವನು ಅಂಗೈ ಚಾಚುತ್ತಿದ್ದ. "ನಿಮ್ಗ್ಯಾಕ್ರೋ ಟಿಕೀಟು, ಓದಾಕ್ ಬತ್ತದಾ? ಅರ್ಧ ಚಾರ್ಜು ಕೊಟ್ಟು ಹಿಂದಕ್ಕೋಗ್ರಿ." ಎಂಟು ವರ್ಷದಿಂದ ಹೀಗೇ. ಅವನ ಬಾಯಿ ಹೊಲಸಾದರೂ ಕೈ ಒಳ್ಳೆಯದು ಎಂದು ಕೇರಿಯೆಲ್ಲ ನಂಬಿತ್ತು. ಹೋದ ಈಸ್ಟರಿಗೆ ಜಂಫಿರಾಳೇ ಅವನಿಗೊಂದು ಹುಂಜ ಒಯ್ದು ಕೊಟ್ಟಿದ್ದಳು.

ಆ ಶುಕ್ರವಾರ ಮಧ್ಯಾಹ್ನ ವಾಪಸು ಬಂದು ಇಳಿದಾಗ, ಕೇರಿಯ ನಿಲ್ದಾಣದ ಕಂಬವನ್ನು ಇಬ್ಬರು ಆಳುಗಳು ಹಾರೆಯಿಂದ ಮೀಟುತ್ತಿದ್ದರು. ಸಾರಿಗೆ ಕಚೇರಿಯ ಗುಮಾಸ್ತನೊಬ್ಬ ಕೆಸರು ತಾಗದ ಹಾಗೆ ಕಲ್ಲಿನ ಮೇಲೆ ನಿಂತಿದ್ದ.

"ಯಾಕ್ ಸ್ವಾಮಿ, ಕಂಬ ಕೀಳ್ತಿದೀರಿ?"

"ಈ ಸ್ಟಾಪ್ ರದ್ದಾಗಿದೆ. ಸೋಮವಾರದಿಂದ ಬಸ್ ನಿಲ್ಲಲ್ಲ. ಊರೊಳಗೆ ಹೋಗಿ ಹತ್ತಿ."

"ಊರು ಏಳ್ ಕಿಲೋಮೀಟ್ರು! ಇವ್ನು ಅಂಗಳ ದಾಟಕ್ಕೇ ಮೂರ್ ಸಲ ಕೂರ್ತಾನೆ."

ಗುಮಾಸ್ತ ಕಾಗದ ತಿರುವಿದ. "ನೋಡಮ್ಮ, ಈ ಸ್ಟಾಪಲ್ಲಿ ಎಂಟು ವರ್ಷದಿಂದ ಒಬ್ಬರೂ ಹತ್ತಿಲ್ಲ."

ಜಂಫಿರಾ ಸುತ್ತ ನೋಡಿದಳು. ಅವಳ ಜೊತೆಗೇ ಬಸ್ಸಿಳಿದ ಆರು ಜನ ಅಲ್ಲೇ ನಿಂತಿದ್ದರು.

"ಹತ್ತಿಲ್ವಾ? ಮತ್ತೆ ನಾವ್ಯಾರು, ದೆವ್ವಗಳಾ?"

"ಹತ್ತಿದ್ರೆ ಟಿಕೆಟ್ ಇರ್ಬೇಕಲ್ಲ. ತೋರ್ಸಿ, ಒಂದೇ ಒಂದು ಟಿಕೆಟ್."

ಬಸ್ಸು ಇನ್ನೂ ನಿಂತೇ ಇತ್ತು. ಜಂಫಿರಾ ಓಡಿ ಹೋಗಿ ಕಿಟಕಿಗೆ ಬಡಿದಳು.

"ಹೇಳಣ್ಣ ನೀನು! ವಾರಕ್ ಮೂರ್ ದಿನ ಹತ್ಸ್ಕಂಡ್ ಹೋಗಿದೀಯ, ಹೇಳು!"

ಪಾಂದೆಲೆ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಅವಳ ಕಾಲಬುಡಕ್ಕೆ ಉಗುಳಿದ. "ಯಾರೇ ನೀನು? ನಾನ್ ನಿನ್ನ ಕಂಡೇ ಇಲ್ವಲ್ಲ."

"ಹುಂಜ ತಿಂದ್ಯಲ್ಲೋ ಸೂಳೆಮಗ್ನೆ!"

ಬಸ್ಸು ಹೊರಟಿತು. ಗುಮಾಸ್ತ ಕಾಗದ ಮಡಚಿ ಜೇಬಿಗಿಟ್ಟುಕೊಂಡ. "ಅರ್ಜಿ ಕೊಡಿ. ಮೂರು ತಿಂಗಳಲ್ಲಿ ಉತ್ತರ ಬರುತ್ತೆ."

ಸೋಮವಾರ ಬೆಳಿಗ್ಗೆ ಅವರು ಕಂಬ ಕಿತ್ತ ಗುಂಡಿಯ ಪಕ್ಕ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದರು. ಪಾಂದೆಲೆ ವೇಗ ತಗ್ಗಿಸಲಿಲ್ಲ. ಚಕ್ರ ಎರಚಿದ ಕೆಸರು ಮಾರ್ದಾರೆಯ ಎದೆಯ ತನಕ ಬಡಿಯಿತು. ಆಮೇಲೆ ಬಂದ ನಾಲ್ಕು ಕಾರುಗಳು ಅವರ ಬಣ್ಣ ನೋಡಿ ಇನ್ನಷ್ಟು ಜೋರಾಗಿ ಓಡಿದವು.

ಮಂಗಳವಾರ ಅವನ ಕಣ್ಣಿನ ರೆಪ್ಪೆಗಳೂ ಊದಿಕೊಂಡವು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ಗೋಡೆಗೊರಗಿಸಿ ಕೂರಿಸಿದರೆ ಎದೆಯೊಳಗೆ ಪಾತ್ರೆ ಕುದಿಯುವಂಥ ಸದ್ದು. ಜೋಳದ ಹಿಟ್ಟಿನ ಗಂಜಿ ಮುಂದಿಟ್ಟರೆ ತಲೆಯಾಡಿಸಿದ.

"ನಾಳೆ ಬಸ್ ನಿಲ್ಸ್ತೀನಿ," ಅಂದಳು ಜಂಫಿರಾ.

ಪಕ್ಕದ ಮನೆಯ ಮುದುಕ ಲಿಸಾಂದ್ರು ಸಿಗರೇಟು ಆರಿಸಿದ. "ಹುಚ್ಚು ಹಿಡಿದದಾ? ಪೊಲೀಸ್ನೋರ್ ಬತ್ತಾರೆ. ಹೋದ್ ಸಲ ಬಂದು ಮನೇವ್ರನ್ನೆಲ್ಲಾ ಬೋರಲ್ ಹಾಕಿ ಚಚ್ಚಿದ್ದು ಮರ್ತ್ಯಾ?"

"ಬರ್ಲಿ ಬಿಡು ತಾತ. ಅವ್ರ್ ಜೀಪ್‌ನಾಗಾದ್ರೂ ಇವ್ನು ಪೇಟೆ ಸೇರ್ತಾನೆ."

ಬುಧವಾರ ಮಂಜು ಮೊಣಕಾಲು ಕಾಣದಷ್ಟು ದಟ್ಟವಾಗಿತ್ತು. ಜಂಫಿರಾ ಮನೆಯ ಒಂದೇ ಕುರ್ಚಿಯನ್ನು ತಂದು ರಸ್ತೆಯ ನಡುವೆ ಇಟ್ಟು ಗಂಡನನ್ನು ಕೂರಿಸಿದಳು. ಕಂಬಳಿ ಹೊದಿಸಿದಳು.

"ಮದ್ವಣಿಗ ಕೂತಂಗ್ ಕೂರ್ಸಿದ್ಯಲ್ಲೇ," ಅಂದ ಅವನು. ಮಾತು ಮುಗಿಸಲು ಮೂರು ಸಲ ಉಸಿರೆಳೆದ.

ಮಂಜಿನೊಳಗೆ ಎರಡು ಹಳದಿ ದೀಪ ಮೂಡಿದವು. ಹಾರನ್ನು ಒಂದೇ ಸಮ ಅರಚಿತು. ಜಂಫಿರಾ ಕುರ್ಚಿಯ ಮುಂದೆ ಕೈ ಅಗಲಿಸಿ ನಿಂತಳು. ಬ್ರೇಕು ಕಿರುಚಿ, ಹಿಂದಿನ ಚಕ್ರ ಜಾರಿ, ಬಸ್ಸು ಅವಳಿಂದ ನಾಲ್ಕು ಅಡಿ ದೂರದಲ್ಲಿ ನಿಂತಿತು. ಒಳಗೆ ಯಾರದೋ ಹಾಲಿನ ಕ್ಯಾನು ಉರುಳಿದ ಸದ್ದಾಯಿತು.

ಪಾಂದೆಲೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ. "ನಿಮ್ಮವ್ವನ್! ಸಾಯಾಕ್ ನನ್ ಬಸ್ಸೇ ಬೇಕಿತ್ತೇನೇ?"

"ಎರಡು ಟಿಕೀಟು ಹರಿ," ಅಂದಳು ಜಂಫಿರಾ. ಪೂರ್ತಿ ದುಡ್ಡನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದಿದ್ದಳು. "ಇಟ್ಟಿಗೆ ಕೇರಿಯಿಂದ ಸಾಲ್ಚೆನಿಗೆ. ಕೇರಿ ಹೆಸ್ರು ಅದ್ರಾಗೆ ಬರ್ಬೇಕು."

"ಆ ಸ್ಟಾಪೇ ಇಲ್ಲ ಕಣೇ!"

"ಅದೆ. ನೀನೀಗ ನಿಂತಿಲ್ವಾ?"

ಒಳಗಿನಿಂದ ಒಂದು ಗಂಡಸಿನ ದನಿ ಕೂಗಿತು: "ಏನ್ ನೋಡ್ತಿದೀಯ ಪಾಂದೆಲೆ, ಮೆಲ್ಲಕ್ ಮುಂದಕ್ ಬಿಡು, ತಾವೇ ಎದ್ ಓಡ್ತಾವೆ!"

ಕಿಟಕಿ ಮುಚ್ಚಿತು. ಇಂಜಿನ್ನು ಗುರುಗುಟ್ಟಿತು. ಜಂಫಿರಾ ತಿರುಗಿ ಗಂಡನ ಮುಖ ನೋಡಿದಳು, ತುಟಿ ನೀಲಿಗಟ್ಟಿತ್ತು. ಅವಳು ಬಸ್ಸಿಗೆ ಬೆನ್ನು ಹಾಕಿ, ಅವನ ಕಾಲ ಬಳಿ ರಸ್ತೆಯ ಮೇಲೆ ಕೂತಳು. ಲಿಸಾಂದ್ರು ಬಂದ. ಅವಳ ಪಕ್ಕದಲ್ಲಿ ಕೂತ. ಅವನ ಹಿಂದೆ ಮಂಜಿನಿಂದ ಇನ್ನಿಬ್ಬರು ಹೆಂಗಸರು, ಆಮೇಲೆ ಮತ್ತೊಬ್ಬಳು.

ಬಸ್ಸು ಒಂದು ಗೇಣು ಮುಂದೆ ಬಂತು.

ಯಾರೂ ಏಳಲಿಲ್ಲ.

ಇನ್ನೊಂದು ಗೇಣು ಬಂತು. ಇಂಜಿನ್ನಿನ ಬಿಸಿ ಜಂಫಿರಾಳ ಬೆನ್ನಿಗೆ ತಾಗಿತು. ಅವಳು ಗಂಡನ ತಣ್ಣಗಿನ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು.