ಐಸೆಲಿನ್‌ನ ಡೋರೆ

ಸ್ವರ್ಣಲತಾ ಮದುವೆಯಾದದ್ದು ಸೇಸಪ್ಪನವರನ್ನು. ಆದರೆ ಮನೆಯಲ್ಲಿ ಮೊದಲ ದಿನದಿಂದಲೂ ಇನ್ನೊಬ್ಬ ಗಂಡಸಿದ್ದ. ಹೆಸರು ಗುಸ್ತಾವ್ ಡೋರೆ, ದೇಶ ಫ್ರಾನ್ಸ್, ಸತ್ತು ಆಗಲೇ ನೂರು ವರ್ಷವಾಗಿತ್ತು. ಹುಡುಗನಾಗಿದ್ದಾಗಲೇ ಪ್ಯಾರಿಸ್ಸಿನ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದವನು, ಪುಸ್ತಕಗಳಿಗೆ ಸಾವಿರಾರು ಚಿತ್ರ ಕೊಟ್ಟವನು, ಶಿಲ್ಪ ಮಾಡಿದವನು, ಪಿಟೀಲು ನುಡಿಸಿದವನು. ಇಷ್ಟಿದ್ದರೂ ಅವನ ಆಸೆಯೆಲ್ಲ ಗೋಡೆಯಗಲದ ತೈಲಚಿತ್ರಗಳ ಮೇಲೆ. ಪ್ಯಾರಿಸ್ಸಿನ ವಿಮರ್ಶಕರು ಮಾತ್ರ ಅವನನ್ನು ಪುಸ್ತಕದ ಚಿತ್ರಗಾರನೆಂದೇ ಕರೆದು ಕೊರಗಿಸಿದರು.

ಆ ಕೊರಗು ತನ್ನದೂ ಹೌದೆಂದು ಸೇಸಪ್ಪ ನಂಬಿದ್ದರು. ಅಮೆರಿಕದ ಐಸೆಲಿನ್ ಎಂಬ ಊರಲ್ಲಿ ಅವರದೊಂದು ಹೋಟೆಲು. ಪಾರ್ಸೆಲ್ ಡಬ್ಬಿಯ ಮುಚ್ಚಳದ ಮೇಲೆ ಗಿರಾಕಿಯ ಮುಖವನ್ನು ಮಾರ್ಕರಿನಲ್ಲಿ ಗೀಚಿ ಕೊಡುವುದು ಅವರ ಚಾಳಿ. ನೀರುದೋಸೆ ಬೇಯುವುದರೊಳಗೆ ಮೂಗು, ಮೀಸೆ, ಸಿಡುಕು ಎಲ್ಲ ಮೂಡಿರುತ್ತಿತ್ತು. ಹಬ್ಬಕ್ಕೆ ಪರದೆ ಬೇಕೇ, ನಾಟಕಕ್ಕೆ ಕಿರೀಟ ಬೇಕೇ, ಸುತ್ತಲಿನ ಕನ್ನಡಿಗರಿಗೆಲ್ಲ ಸೇಸಪ್ಪ ಅಂಕಲ್ಲೇ ಗತಿ. ತೈಲಚಿತ್ರ ಕೇಳಿಕೊಂಡು ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

ಎಪ್ಪತ್ತರ ಹೊಸ್ತಿಲಲ್ಲಿ ಅವರು ಹೋಬೋಕನ್ ಪಟ್ಟಣದಲ್ಲಿ ಒಂದು ಗ್ಯಾಲರಿಯನ್ನು ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದರು. ತೂಗುಹಾಕಿದ್ದು ಒಂದೇ ಚಿತ್ರ: ಬಾಗಿಲಿಗಿಂತ ದೊಡ್ಡದಾದ ಮಲ್ಪೆಯ ಕಡಲು, ವರ್ಷಗಟ್ಟಲೆ ದುಡಿದದ್ದು.

"ಇದನ್ನೂ ಯಾರೂ ನೋಡ್ಲಿಲ್ಲ ಅಂದ್ರೆ ಬ್ರಶ್ಶೆಲ್ಲ ಕಟ್ಟಿಡುದೇ ಸ್ವರ್ಣ," ಎಂದರು.

ಅದು ತಮಾಷೆಯ ಮಾತಲ್ಲ. ಸ್ವರ್ಣಲತಾಗೆ ಜೀವವೇ ಬಾಯಿಗೆ ಬಂತು. ಬಣ್ಣದ ವಾಸನೆಯಿಲ್ಲದ ಗಂಡನನ್ನು ಆಕೆ ಕಂಡೇ ಇರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ. ಗುಟ್ಟಾಗಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬೇಡಿಕೊಂಡಳು: ಎಲ್ಲರೂ ಬನ್ನಿ, ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಏನಾದರೂ ಒಳ್ಳೆಯ ಮಾತು ಹೇಳಿ. ಏನು ಹೇಳಬೇಕು ಆಂಟಿ ಎಂದು ಜೆರಿಕೋ ಊರಿನ ಚಿತ್ರಾ ಕೇಳಿದಾಗ, ಬೆಳಕು ಚೆನ್ನಾಗಿ ಬಂದಿದೆ ಅನ್ನಿ ಎಂದು ಉದಾಹರಣೆ ಕೊಟ್ಟಳು. ಕೊಟ್ಟದ್ದೇ ತಪ್ಪಾಯಿತು. ನಮ್ಮವರು ಉದಾಹರಣೆಯನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದ ಜನ.

ಭಾನುವಾರ ಮೊದಲು ಬಂದವಳು ಚಿತ್ರಾ. "ಬೆಳಕು ತುಂಬಾ ಚೆನ್ನಾಗಿ ಬಂದಿದೆ ಅಂಕಲ್." ಸೇಸಪ್ಪನವರ ಮುಖ ಅರಳಿತು. ಆಮೇಲೆ ಮುಕುಂದ್ ಬಂದ. ಅವನಿಗೂ ಬೆಳಕೇ ಕಂಡಿತು. ವಿಜಿಗೂ ಅದೇ. ಬಾಲು ಅಂತೂ ಬಾಗಿಲಲ್ಲಿ ಚಿತ್ರಕ್ಕೆ ಬೆನ್ನು ಹಾಕಿ ಕೋಟು ಕಳಚುತ್ತಲೇ, "ವಾವ್ ಅಂಕಲ್, ಬೆಳಕು ಚೆನ್ನಾಗಿ ಬಂದಿದೆ!" ಎಂದುಬಿಟ್ಟ.

ಸೇಸಪ್ಪ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಆಕೆ ನೆಲ ನೋಡಿದಳು.

ಎಲ್ಲರೂ ಹೋದ ಮೇಲೆ ಕೇಳಿದರು: "ನೀನು ಹೇಳಿಕೊಟ್ಟದ್ದಾ?"

"ಹೌದು."

"ನಿಂಗೆ ಎಂತ ಅನ್ನಿಸ್ತದೆ? ಅದನ್ನು ಈವರೆಗೆ ಹೇಳ್ಲೇ ಇಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಇವತ್ತು ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇದ್ರಲ್ಲಿ ನೀವಿಲ್ಲ ಮಾರಾಯ್ರೆ. ದೊಡ್ಡ ಚಿತ್ರ ಅಂತ ಹೆದ್ರಿ ಹೆದ್ರಿ ಬಣ್ಣ ಹಾಕಿದ್ದೀರಿ. ಡಬ್ಬಿ ಮುಚ್ಚಳದಲ್ಲಿ ನಿಮ್ಮ ಕೈ ಓಡ್ತದೆ, ಇಲ್ಲಿ ತೆವಳ್ತದೆ. ಈ ಕಡಲಲ್ಲಿ ಒಂದು ಬೂತಾಯಿ ಮೀನು ಸಹ ಬದುಕ್ಲಿಕ್ಕಿಲ್ಲ." ಹೇಳಿದ ಮೇಲೆ ಆಕೆಗೆ ಅಳುವೇ ಬಂತು. "ಆದ್ರೆ ಬ್ರಶ್ಶು ಕಟ್ಟಿಡ್ಬೇಡಿ. ನಂಗೆ ಅದು ಆಗುದಿಲ್ಲ."

ಸೇಸಪ್ಪ ಚಿತ್ರದ ಕಡಲಿನತ್ತ ತಿರುಗಿದರು. ಭುಜ ಅಲುಗುತ್ತಿತ್ತು. ನಗುವೋ ಅಳುವೋ ಆಕೆಗೆ ತಿಳಿಯಲಿಲ್ಲ.

"ಪಾಪ, ಡೋರೆ ಮದುವೆಯೇ ಆಗ್ಲಿಲ್ಲ," ಎಂದರು. "ಹೀಗೆ ಹೇಳುವವರು ಯಾರಿದ್ರು ಅವನಿಗೆ?"

ಆಮೇಲೆ ಹೆಂಡತಿಯ ಕೈ ಹಿಡಿದು ಚಿತ್ರದ ಹತ್ತಿರ ಕರೆದೊಯ್ದರು. "ಎಲ್ಲೆಲ್ಲಿ ಹೆದರಿದ್ದೇನೆ, ತೋರಿಸು."

ಸ್ವರ್ಣಲತಾ ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡು, ಎಡಗಡೆಯ ಅಲೆಯಿಂದ ಶುರುಮಾಡಿದಳು.