ಚಳಿಗಾಲದ ದಾರಿಯಲ್ಲಿ ಸೆಪ್ಟೆಂಬರ್

ಗಂಡ ಮನೆಯಲ್ಲಿಲ್ಲ ಎಂದು ಗುನ್ವೋರಳಿಗೆ ಗೊತ್ತಾದದ್ದು ಬೆಳಗ್ಗೆ ಎಂಟಕ್ಕೆ, ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದಾಗ. ಹಾಲ್ವರನ ಬೂಟುಗಳಿರಲಿಲ್ಲ. ಅವನ ಸ್ಕೀ ಕೋಲುಗಳೂ ಇರಲಿಲ್ಲ. ಸ್ಕೀ ಹಲಗೆಗಳು ಮಾತ್ರ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇದ್ದವು. ಸೆಪ್ಟೆಂಬರ್ ತಿಂಗಳು, ಹಿಮ ಬೀಳಲು ಇನ್ನೂ ಎರಡು ತಿಂಗಳಿತ್ತು.

ಎರಡು ವರ್ಷದಿಂದ ಅವನ ತಲೆಯೊಳಗಿನ ಸಾಮಾನು ಒಂದೊಂದಾಗಿ ಖಾಲಿಯಾಗುತ್ತಿತ್ತು. ಮೊದಲು ಬೀಗದ ಕೈ, ಆಮೇಲೆ ವಾರದ ದಿನಗಳು, ಈಚೆಗೆ ಕೆಲವು ಸಲ ಹೆಂಡತಿಯ ಮುಖ. ಹೋಗದೆ ಉಳಿದದ್ದು ದಾರಿಯೊಂದೇ. ಮೂವತ್ತೊಂದು ವರ್ಷ ಅವನು ಬೆಟ್ಟದ ಮೇಲಿನ ಸ್ಕೀ ದಾರಿಯ ಕಾವಲುಗಾರನಾಗಿದ್ದವನು. ಆಳೆತ್ತರದ ಕಂಬ, ಅದರ ತುದಿಯಲ್ಲಿ ಕತ್ತರಿಯ ಹಾಗೆ ಅಡ್ಡಡ್ಡ ಬಡಿದ ಎರಡು ಕೆಂಪು ಪಟ್ಟಿ. ಇಂಥ ಕಂಬಗಳನ್ನು ಎಪ್ಪತ್ತು ಕಿಲೋಮೀಟರ್ ಉದ್ದಕ್ಕೂ ನೆಟ್ಟವನು, ಬಿದ್ದರೆ ಎತ್ತಿದವನು, ಬಣ್ಣ ಹೋದರೆ ಬಳಿದವನು ಅವನೇ.

ಕತ್ತರಿಗಂಬಗಳ ದಾರಿ ಚಳಿಗಾಲದ್ದು. ಎಲ್ಲ ಹೆಪ್ಪುಗಟ್ಟಿರುವ ಕಾಲದಲ್ಲಿ ಜೌಗೇನು, ಸರೋವರವೇನು, ದಾರ ಹಿಡಿದು ಗೀಟು ಎಳೆದಂತೆ ಅದು ನೇರ ಹೋಗುತ್ತದೆ. ಬೇಸಿಗೆಯವರಿಗೆ ಬೇರೆಯೇ ಕಾಲುದಾರಿ ಇದೆ, ದಿಬ್ಬದ ಬೆನ್ನು ಹಿಡಿದು ಸುತ್ತಿ ಬಳಸಿ ಹೋಗುವಂಥದು. ಸೆಪ್ಟೆಂಬರಿನಲ್ಲಿ ಕತ್ತರಿಗಂಬ ಹಿಡಿದು ನಡೆದವನು ನೇರವಾಗಿ ಗ್ರೋಶೆನ್ ಸರೋವರದ ಒಳಕ್ಕೆ ನಡೆದಂತೆ. ನಮ್ಮ ಹೆರ್ಯೆದಾಲೆನ್ ಸೀಮೆಯಲ್ಲಿ ಐದು ವರ್ಷದ ಮಗುವಿಗೂ ಇದು ಗೊತ್ತು.

ಅವಳು ಫೋನ್ ಮಾಡಿದ್ದೇ ತಡ, ಒಂಬತ್ತಕ್ಕೆಲ್ಲ ಓಸ್ಟನ್ ತನ್ನ ಹುಡುಕಾಟದ ಗುಂಪನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ. ಹಾಲ್ವರನ ಜೊತೆ ಶಾಲೆ ಕಲಿತವನು. ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು, ಹೆಲಿಕಾಪ್ಟರ್ ಏಳುವ ಮಾತೇ ಇರಲಿಲ್ಲ.

"ಬೇಸಿಗೆ ದಾರೀಲೇ ಹೋಗಿರ್ತಾನೆ ಬಿಡು," ಎಂದ ಓಸ್ಟನ್. "ಜೌಗಿಗೆ ಇಳಿಯೋಕೆ ಅವನಿಗೇನು ಹುಚ್ಚಾ?" ಅಂದವನೇ ನಾಲಿಗೆ ಕಚ್ಚಿಕೊಂಡ.

"ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅಂತ ಅವನನ್ನ ಆಡ್ಕೊಳ್ತಿದ್ದೋನು ನೀನೇ ಅಲ್ವೇನೋ?" ಎಂದಳು ಗುನ್ವೋರ್. "ಅವನು ಯಾವತ್ತು ಕಾಲ ಕೆಳಗೆ ನೋಡಿ ನಡೆದಿದ್ದಾನೆ? ಮುಂದಿನ ಕಂಬ ಎಲ್ಲಿದೆ ಅಂತ ನೋಡ್ತಾನೆ, ನಡೀತಾನೆ. ಕೋಲು ಬೇರೆ ತಗೊಂಡು ಹೋಗಿದ್ದಾನೆ ಕಣೋ."

"ಇರೋದು ಏಳು ಜನ. ಎರಡು ಕಡೆ ಹಂಚೋಕಾಗಲ್ಲ, ಮಾರಾಯ್ತಿ. ಮೊದಲು ದಿಬ್ಬ ನೋಡ್ತೀವಿ, ಆಮೇಲೆ ಕೆಳಗೆ ಇಳೀತೀವಿ. ನೀನು ಮನೇಲಿರು. ಅವನೇ ವಾಪಸ್ ಬಂದ್ರೆ ಯಾರಾದ್ರೂ ಬೇಕಲ್ಲ."

ಬುದ್ಧಿ ನೆಟ್ಟಗಿರುವವರ ತೊಂದರೆಯೇ ಇದು. ಕಳೆದುಹೋದವನೂ ತಮ್ಮ ಹಾಗೆಯೇ ಯೋಚಿಸುತ್ತಾನೆ ಅಂದುಕೊಂಡುಬಿಡುತ್ತಾರೆ. ಅವರು ದಿಬ್ಬ ಹತ್ತಿ ಮರೆಯಾದರು. ಗುನ್ವೋರ್ ಒಣಗಿದ ಉಣ್ಣೆಬಟ್ಟೆ, ಕಂಬಳಿ, ಸೀಟಿ ಚೀಲಕ್ಕೆ ತುರುಕಿಕೊಂಡು ಮೊದಲ ಕತ್ತರಿಗಂಬದ ಕಡೆಗೆ ನಡೆದಳು.

ಸರೋವರಕ್ಕೆ ಐದು ಕಿಲೋಮೀಟರ್. ಚಳಿಗಾಲದಲ್ಲಾದರೆ ಅರ್ಧ ಗಂಟೆಯ ಮಾತು. ಈಗ ಒಂದೊಂದು ಹೆಜ್ಜೆಗೂ ಜೌಗು ಮೊಣಕಾಲಿನವರೆಗೆ ನುಂಗಿ, ಯೋಚನೆ ಮಾಡಿ, ಮನಸ್ಸಿಲ್ಲದ ಮನಸ್ಸಿನಿಂದ ಬಿಡುತ್ತಿತ್ತು. ಮೂರನೆಯ ಕಂಬ ದಾಟಿದ ಮೇಲೆ ಅವಳಿಗೆ ಗುರುತು ಸಿಕ್ಕಿತು. ಹಸಿರು ಪಾಚಿಯಲ್ಲಿ ಎಡಕ್ಕೊಂದು ತೂತು, ಬಲಕ್ಕೊಂದು ತೂತು, ಮತ್ತೆ ಎಡಕ್ಕೊಂದು. ಕೋಲೂರಿದ ತೂತುಗಳು. ನಡುವೆ ಅವನ ಕಾಲು ಎತ್ತಿಟ್ಟ ಗುರುತಿರಲಿಲ್ಲ, ಎಳೆದ ಗುರುತಿತ್ತು. ಅವನು ನಡೆಯುತ್ತಿರಲಿಲ್ಲ. ಈ ಕೆಸರಿನಲ್ಲಿ ಸ್ಕೀ ಮಾಡುತ್ತಿದ್ದ.

ಅವಳು ಸೀಟಿ ಊದಿದಳು. ಮಂಜು ಅದನ್ನು ನುಂಗಿತು. ಮತ್ತೆ ಊದಿದಳು, ಕೂಗಿದಳು, ಅತ್ತಳು. ಒಂದು ಕಡೆ ಸೊಂಟದವರೆಗೆ ಹೂತು, ಕುರುಚಲು ಗಿಡ ಹಿಡಿದು ಮೇಲೆ ಬರುವಷ್ಟರಲ್ಲಿ ಎಡಗಾಲಿನ ಬೂಟು ಕೆಸರಿನ ಪಾಲಾಯಿತು. "ನಿನ್ನ ಕಂಬಕ್ಕೆ ಬೆಂಕಿ ಬೀಳ! ನಿನ್ನ ದಾರಿ ಹಾಳಾಗಿ ಹೋಗ!" ಎಂದು ಬೈದಳು. ಬೈದದ್ದು ಕೇಳಿಸಿ ಎಲ್ಲಿ ದೇವರು ನಿಜ ಮಾಡಿಬಿಡುತ್ತಾನೋ ಎಂದು ಹೆದರಿ, ಇಲ್ಲ, ಇಲ್ಲ, ಅವನೊಬ್ಬ ಸಿಕ್ಕರೆ ಸಾಕು ಎಂದು ಬೇಡಿಕೊಂಡಳು. ಹೀಗೆ ಬೈಯುತ್ತ ಬೇಡುತ್ತ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಮೂರು ಗಂಟೆ.

ಸರೋವರದ ದಡದ ಕೊನೆಯ ಕಂಬದ ಹತ್ತಿರ ಬಂದಾಗ ಮಂಜು ಸ್ವಲ್ಪ ಸರಿಯಿತು. ಮುಂದಿನ ಕಂಬ ಎದುರು ದಡದಲ್ಲಿ ಕೆಂಪು ಚುಕ್ಕೆಯಾಗಿ ಕಾಣುತ್ತಿತ್ತು. ಅದಕ್ಕೂ ಇವಳಿಗೂ ನಡುವೆ ನೀರು. ನೀರಿನಲ್ಲಿ ಹಾಲ್ವರ್. ಸೊಂಟದವರೆಗೆ ಮುಳುಗಿ, ಕೋಲೂರುತ್ತ, ಆ ಚುಕ್ಕೆಯ ಕಡೆಗೆ ಹೋಗುತ್ತಿದ್ದ.

"ಹಾಲ್ವರ್! ನಿಲ್ಲು!"

ಅವನು ತಿರುಗಲಿಲ್ಲ. ಗ್ರೋಶೆನ್‌ನ ಈ ದಡ ಐವತ್ತು ಅರವತ್ತು ಮಾರು ಮೆಲ್ಲಗೆ ಇಳಿಯುತ್ತದೆ, ಆಮೇಲೆ ಒಮ್ಮೆಲೇ ತಳವಿಲ್ಲ. ಅವಳು ಚೀಲ ಬಿಸಾಡಿ ನೀರಿಗಿಳಿದಳು. ಚಳಿ ಎಲುಬಿಗೆ ಚೂರಿಯಂತೆ ಹೊಕ್ಕಿತು. ಹೋಗಿ ಅವನ ಕೋಟು ಹಿಡಿದಳು.

ಅವನು ತಿರುಗಿದ. ನೋಟದಲ್ಲಿ ಪರಿಚಯದ ಸುಳಿವೇ ಇರಲಿಲ್ಲ.

"ಬಿಡಮ್ಮ. ಕತ್ತಲಾಗೋದ್ರೊಳಗೆ ಆ ಕಡೆ ಸೇರ್ಬೇಕು."

"ನೀರು ಕಣೋ ಇದು! ನೀರು!"

"ಮಂಜುಗಡ್ಡೆ ಮೇಲೆ ಕರಗಿದ ನೀರು ನಿಂತಿದೆ, ಅಷ್ಟೇ," ಎಂದ ಅವನು, ಹೊಸಬರಿಗೆ ಹೇಳುವ ಸಮಾಧಾನದಲ್ಲಿ. "ಏಪ್ರಿಲ್‌ನಲ್ಲಿ ಹಿಂಗೇ. ಕೆಳಗೆ ಗಟ್ಟಿ ಇರುತ್ತೆ, ಹೆದರ್ಬೇಡ."

ಅವಳು ಕೋಟು ಬಿಡಲಿಲ್ಲ. ಅವನು ತಳ್ಳಿದ. ಎಪ್ಪತ್ತು ವರ್ಷದ ಆ ತೋಳಿನಲ್ಲಿ ಇನ್ನೂ ಕಂಬ ಹೊರುವ ಬಲವಿತ್ತು. ಅವಳು ಬಿದ್ದು, ನೀರು ಕುಡಿದು, ಕೆಮ್ಮುತ್ತ ಎದ್ದಾಗ ಅವನು ಎದೆಮಟ್ಟದ ನೀರಿನಲ್ಲಿದ್ದ. ಆ ಆಳಕ್ಕೆ ಇನ್ನು ಹದಿನೈದು ಹೆಜ್ಜೆ. ಮತ್ತೆ ಹಿಡಿದರೆ ಮತ್ತೆ ತಳ್ಳುತ್ತಾನೆ, ಇಬ್ಬರೂ ಹೋಗುತ್ತೇವೆ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಅವಳು ಅವನಿಗೆ ಬೆನ್ನು ಮಾಡಿ ದಡದ ಕಡೆಗೆ ಓಡಿದಳು. ತನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಬೇರೊಂದು ಮಾಡಿರಲಿಲ್ಲ.

ನಮ್ಮಲ್ಲಿ ಯಾರ ದೋಣಿ ಕದ್ದರೂ ಹತ್ತು ವರ್ಷಕ್ಕೆ ಜನ ಮರೆಯುತ್ತಾರೆ. ಕತ್ತರಿಗಂಬಕ್ಕೆ ಕೈ ಹಚ್ಚಿದವನನ್ನು ಮರೆಯುವುದಿಲ್ಲ. ಗುನ್ವೋರ್ ಮಂಡಿಯೂರಿ ಕಂಬದ ಬುಡದ ಕಲ್ಲುಗಳನ್ನು ಎಳೆದೆಳೆದು ಎಸೆದಳು. ಬೆರಳುಗಳು ಮರಗಟ್ಟಿದ್ದವು, ಉಗುರು ಕಿತ್ತದ್ದೂ ತಿಳಿಯಲಿಲ್ಲ. ಕಂಬವನ್ನು ಅತ್ತಿತ್ತ ಅಲ್ಲಾಡಿಸಿ, ಅಪ್ಪಿಕೊಂಡು ಮೇಲೆತ್ತಿದಳು.

"ಕಂಬ ಕಿತ್ತೆ ಕಣೋ!" ಎಂದು ಗಂಟಲು ಹರಿಯುವಂತೆ ಕೂಗಿದಳು. "ನಿನ್ನ ಕತ್ತರಿಗಂಬ ಕಿತ್ತೆ! ಒಡೆದು ಒಲೆಗೆ ಹಾಕ್ತೀನಿ, ನೋಡು!"

ಅವನು ನಿಂತ. ತಿರುಗಿದ.

"ಏಯ್! ಮುಟ್ಬೇಡ ಅದನ್ನ!"

ಗದರಿಸುತ್ತ, ನೀರು ಸೀಳುತ್ತ ಬಂದ. ಅವಳು ಕಂಬವನ್ನು ಎಳೆದುಕೊಂಡು ಹಿಂದೆ ಹಿಂದೆ ಸರಿದಳು, ಅವನ ಕಾಲು ಒಣನೆಲ ಮುಟ್ಟುವವರೆಗೂ ಸರಿದಳು. ಅವನು ಬಂದು ಕಂಬವನ್ನು ಕಿತ್ತುಕೊಂಡ. ಅವನ ತುಟಿ ನೀಲಿಗಟ್ಟಿತ್ತು, ಮೈ ಗಡಗಡ ನಡುಗುತ್ತಿತ್ತು. ಅವಳು ಒದ್ದೆ ಕೋಟು ಬಿಚ್ಚಲು ಕೈ ಚಾಚಿದರೆ ತಟ್ಟಿಹಾಕಿದ.

"ಮೊದಲು ಕಂಬ. ಕಲ್ಲು ಕೊಡು."

ಅವಳು ಒಂದೊಂದೇ ಕಲ್ಲು ಕೊಟ್ಟಳು. ಅವನು ಬುಡಕ್ಕಿಟ್ಟು ಜಡಿದ. ಹಲ್ಲು ಕಟಕಟಿಸುತ್ತಲೇ ಬೈದ.

"ಯಾವೂರೋಳೋ ಏನೋ ನೀನು. ಒಂಚೂರಾದ್ರೂ ಬುದ್ಧಿ ಬೇಡ್ವಾ? ನನ್ನ ಹಿಂದೆ ನಮ್ಮ ಗುನ್ವೋರ್ ಬರ್ತಿದಾಳೆ. ಮಂಜು ಮುಚ್ಚಿದ್ರೆ ಅವಳಿಗೆ ದಿಕ್ಕೇ ತಿಳಿಯಲ್ಲ, ಪಾಪ. ಇದೊಂದನ್ನ ನಂಬ್ಕೊಂಡು ಬರೋಳು. ನೀನು ಕಿತ್ತು ಹಾಕಿದ್ರೆ ಅವಳೆಲ್ಲಿಗೆ ಹೋಗ್ಬೇಕು, ಹೇಳು?"

ಅವಳು ಕೊನೆಯ ಕಲ್ಲನ್ನೂ ಎತ್ತಿ ಕೊಟ್ಟಳು.

"ತಪ್ಪಾಯ್ತು," ಎಂದಳು.

"ಅವಳು ಬರೋವರೆಗೂ ನಾನು ಇಲ್ಲಿಂದ ಕದಲಲ್ಲ."

"ಆಯ್ತು, ಕಾಯೋಣ. ಅಷ್ಟರಲ್ಲಿ ಬಟ್ಟೆ ಬದಲಾಯಿಸ್ಕೋ."

ಈ ಸಲ ಅವನು ಬೇಡವೆನ್ನಲಿಲ್ಲ. ಅವಳು ಅವನಿಗೆ ಉಣ್ಣೆಬಟ್ಟೆ ತೊಡಿಸಿ, ಕಂಬಳಿಯನ್ನು ಇಬ್ಬರಿಗೂ ಸುತ್ತಿ, ಅವನನ್ನು ಎದೆಗೆ ಒತ್ತಿಕೊಂಡು ಕುಳಿತು, ದಿಬ್ಬದ ಮೇಲಿನವರಿಗೆ ಕೇಳಲೆಂದು ಉಸಿರು ಬಂದಾಗಲೆಲ್ಲ ಸೀಟಿ ಊದಿದಳು. ಅವನು ಅವಳ ಭುಜದ ಮೇಲಿಂದ ಕತ್ತೆತ್ತಿ, ಗುನ್ವೋರ್ ಬಂದಳೇನೋ ಎಂದು ಜೌಗಿನ ಕಡೆಗೇ ನೋಡುತ್ತಿದ್ದ.